ಬಂಡೆಗೂ ಬಂದ ಬರ

ಉಪಗ್ರಹ ಚಿತ್ರವೆಂದೊಡನೆ ಬಹುಮಂದಿಯ ಕಣ್ಣೆದುರು ನಿಲ್ಲುವುದು ಹಸಿರು ಹೊಲ, ನೀಲಿ ಕೆರೆ, ಬೂದು ಬಣ್ಣದ ಪಟ್ಟಣಗಳಿರುವ ಒಂದು ಛಾಯಾಚಿತ್ರ. ಕಚೇರಿಯಲ್ಲಿ ಅದರೊಡನೆ ದಿನ ಕಳೆಯುವವರಿಗೆ ಅದು ಚಿತ್ರಕ್ಕಿಂತ ಹೆಚ್ಚಾಗಿ ಒಂದು ಲೆಕ್ಕದ ಪುಸ್ತಕ. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳು ಭೂಮಿಯನ್ನು 13 ಬೇರೆ ಬೇರೆ ತರಂಗಪಟ್ಟಿಗಳಲ್ಲಿ ನೋಡುತ್ತವೆ. ಅವುಗಳಲ್ಲಿ ನಾಲ್ಕು ಪಟ್ಟಿಗಳ ಒಂದೊಂದು ಚುಕ್ಕೆಯೂ ನೆಲದ ಮೇಲಿನ 10 ಮೀಟರ್ ಉದ್ದಗಲದ ಚೌಕಕ್ಕೆ ಸಮ. ನಮ್ಮ ಕೈಸೇರುವ ಒಂದು ತುಣುಕಿನಲ್ಲಿ ಅಡ್ಡಕ್ಕೆ 10,980 ಚುಕ್ಕೆಗಳು, ಉದ್ದಕ್ಕೆ 10,980 ಚುಕ್ಕೆಗಳು. ಗುಣಿಸಿ ನೋಡಿದರೆ ಒಂದೇ ಪಟ್ಟಿಗೆ 12 ಕೋಟಿಗೂ ಮಿಕ್ಕ ಅಂಕಿಗಳು. ಇಷ್ಟನ್ನು ಕಣ್ಣಿನಿಂದ ಓದಿ ಮುಗಿಸುವ ಶಾನುಭೋಗ ಇನ್ನೂ ಹುಟ್ಟಿಲ್ಲ. ಆದ್ದರಿಂದ ಓದುವ ಕೆಲಸವನ್ನು ಒಂದು ಸ್ಕ್ರಿಪ್ಟಿಗೆ, ಎಂದರೆ ಗಣಕಕ್ಕೆ ಬರೆದ ಆದೇಶಗಳ ಪಟ್ಟಿಗೆ, ಒಪ್ಪಿಸುತ್ತೇವೆ. ಅದು ಓದುತ್ತದೆ, ಕೂಡಿಸುತ್ತದೆ, ಕಳೆಯುತ್ತದೆ, ಕೊನೆಗೆ ಒಂದು ಕೋಷ್ಟಕವನ್ನು ಮುಂದಿಡುತ್ತದೆ. ಆ ಕೋಷ್ಟಕದ ಕೆಳಗೆ ಮನುಷ್ಯರು ಸಹಿ ಹಾಕುತ್ತಾರೆ.

ನಾವು ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ. ಮಾಡಿ ಕೇಂದ್ರ ಸರ್ಕಾರದ ಸೇವೆಗೆ ಸೇರಿದವರು. ಹೈದರಾಬಾದಿಗೆ ವರ್ಗವಾಗಿ ಬಂದ ಮೇಲೆ ನಮ್ಮ ಪಾಲಿಗೆ ಬಂದದ್ದು ತಾಂತ್ರಿಕ ವರದಿಗಳ ಭಾಷೆಯನ್ನು ತಿದ್ದಿ, ಅಂಕಿಗೂ ವಾಕ್ಯಕ್ಕೂ ಹೊಂದಿಕೆಯಿದೆಯೇ ಎಂದು ನೋಡಿ ಮೇಲಕ್ಕೆ ಕಳಿಸುವ ಕೆಲಸ. ಅಂಕಿ ಎಲ್ಲಿಂದ ಬಂತೆಂದು ಕೇಳದೆ ವಾಕ್ಯವನ್ನು ತಿದ್ದುವುದು ಹೇಗೆ? ಕೇಳುತ್ತ ಕೇಳುತ್ತ ಸ್ಕ್ರಿಪ್ಟುಗಳನ್ನು ಓದುವುದನ್ನು ಕಲಿತೆವು. ಬರೆಯುವುದರಲ್ಲಿ ಇಂದಿಗೂ ಪಳಗಿದವರಲ್ಲ; ಓದುವುದರಲ್ಲಿ ಮಾತ್ರ ಹಳೆಯ ಪಾಠವೊಂದು ಕೈಹಿಡಿಯಿತು. ಕೇಂಬ್ರಿಜ್‌ನ ಐ. ಎ. ರಿಚರ್ಡ್ಸ್ ಕವಿಯ ಹೆಸರನ್ನು ಮರೆಮಾಚಿ ವಿದ್ಯಾರ್ಥಿಗಳ ಕೈಗೆ ಕವಿತೆಗಳನ್ನು ಕೊಟ್ಟು, ಅವರು ಏನೇನು ಓದಿಕೊಂಡರೆಂಬುದನ್ನು 1929ರಲ್ಲಿ ಪುಸ್ತಕವಾಗಿಸಿದರು. ಓದುವವರು ಪುಟದಲ್ಲಿ ಇರುವುದನ್ನು ಬಿಟ್ಟು ತಾವು ನಿರೀಕ್ಷಿಸಿದ್ದನ್ನೇ ಅಲ್ಲಿ ಕಾಣುತ್ತಾರೆಂಬುದು ಆ ಪ್ರಯೋಗದಿಂದ ಹೊರಬಿದ್ದ ಸಂಗತಿಗಳಲ್ಲೊಂದು. ಸರ್ಕಾರಿ ಕಚೇರಿಯ ಸ್ಕ್ರಿಪ್ಟೂ ಬಹುಪಾಲು ಹೆಸರಿಲ್ಲದ ಕೃತಿಯೇ. ಬರೆದವರು ಗುತ್ತಿಗೆ ಮುಗಿಸಿ ಹೋಗಿರುತ್ತಾರೆ, ಇಲ್ಲವೇ ವರ್ಗವಾಗಿರುತ್ತಾರೆ. ಉಳಿಯುವುದು ಪುಟ ಮಾತ್ರ. ಅದರಲ್ಲಿ ಇರುವುದನ್ನೇ ಓದಬೇಕು.

ನಮ್ಮ ಪೂರ್ವಿಕರು ದೋಷವನ್ನು ಕುರಿತು ಬಹಳ ತಲೆ ಕೆಡಿಸಿಕೊಂಡಿದ್ದರು. ಕನ್ನಡದಲ್ಲಿ ನಮಗೆ ದೊರೆತಿರುವ ಮೊದಲ ಗ್ರಂಥವಾದ ಕವಿರಾಜಮಾರ್ಗದ ಮೊದಲ ಪರಿಚ್ಛೇದದ ವಿಷಯವೇ ದೋಷ ಮತ್ತು ಅದೋಷ. ಅಲಂಕಾರಶಾಸ್ತ್ರದವರು ಶಬ್ದದಲ್ಲಿರುವ ದೋಷ ಬೇರೆ, ಅರ್ಥದಲ್ಲಿರುವ ದೋಷ ಬೇರೆ ಎಂದು ವಿಂಗಡಿಸಿದರು. ಸ್ಕ್ರಿಪ್ಟಿನ ದೋಷಗಳನ್ನು ಹಲವು ವರ್ಷ ನೋಡಿದ ಬಳಿಕ ನಮಗೂ ಅಂಥದೇ ಒಂದು ವಿಂಗಡಣೆ ಮಾಡಬೇಕೆನಿಸಿದೆ. ಕೂಗಿ ಹೇಳುವ ದೋಷ ಒಂದು, ಬೇರೊಂದು ಜಾಗದಲ್ಲಿ ನಿಂತು ಕೂಗುವ ದೋಷ ಇನ್ನೊಂದು, ಕೂಗದೆಯೇ ಕುಳಿತ ದೋಷ ಮೂರನೆಯದು.

ಮೊದಲನೆಯದು ಶಬ್ದದೋಷದ ಜಾತಿ, ಎಲ್ಲಕ್ಕಿಂತ ಸಾಧು. ಪೈಥಾನ್ ಭಾಷೆಯಲ್ಲಿ ಸಾಲಿನ ಆರಂಭದ ತೆರಪು ಹೆಚ್ಚುಕಡಿಮೆಯಾದರೆ ಗಣಕವು ಆ ಸಾಲಿನ ಸಂಖ್ಯೆಯನ್ನೇ ಹೇಳಿ ನಿಲ್ಲುತ್ತದೆ. ಆವರಣ ಚಿಹ್ನೆ ಮುಚ್ಚದಿದ್ದರೂ ಹಾಗೆಯೇ. ವಿಂಡೋಸ್ ಗಣಕದಲ್ಲಿ ಕೆಲಸ ಮಾಡುವವರು ಎಲ್ಲರೂ ಒಮ್ಮೆಯಾದರೂ ಕಂಡಿರುವ ಒಂದು ಪ್ರಸಂಗವಿದೆ. ಚಿತ್ರದ ಕಡತ ಎಲ್ಲಿದೆಯೆಂದು ತಿಳಿಸಲು ಸಿ ಡ್ರೈವ್, ಹಿಂದಕ್ಕೆ ವಾಲಿದ ಗೆರೆ, ಯೂಸರ್ಸ್ ಎಂದು ಬರೆದೊಡನೆ ಸ್ಕ್ರಿಪ್ಟು ಒಂದು ಹೆಜ್ಜೆಯೂ ಮುಂದೆ ಹೋಗದೆ ಯೂನಿಕೋಡ್ ಎಂದೇನೋ ದೂರುತ್ತದೆ. ಹೊಸಬರು ಕಡತದಲ್ಲಿ ಕನ್ನಡ ಅಕ್ಷರ ಸೇರಿಕೊಂಡಿತೇನೋ ಎಂದು ಹುಡುಕತೊಡಗುತ್ತಾರೆ. ನಿಜವಾದ ಕಾರಣ ಬೇರೆ. ಪೈಥಾನಿನ ವ್ಯಾಕರಣದಲ್ಲಿ ಹಿಂದಕ್ಕೆ ವಾಲಿದ ಗೆರೆಯ ಮುಂದೆ ದೊಡ್ಡಕ್ಷರದ ಯು ಬಂದರೆ, ಮುಂದಿನ ಎಂಟು ಅಂಕೆಗಳು ಒಂದು ಯೂನಿಕೋಡ್ ಅಕ್ಷರದ ಸಂಕೇತವೆಂದು ಅರ್ಥ. ಗಣಕವು ಅಂಕೆಗಳಿಗಾಗಿ ಕಾಯುತ್ತದೆ. ಸಿಗುವುದು ‘ಸರ್ಸ್’ ಎಂಬ ಅಕ್ಷರಗಳು. ಗೆರೆಯನ್ನು ಮುಂದಕ್ಕೆ ವಾಲಿಸಿದರೆ, ಇಲ್ಲವೇ ಉದ್ಧರಣ ಚಿಹ್ನೆಯ ಮುನ್ನ ಆರ್ ಎಂಬ ಒಂದಕ್ಷರ ಸೇರಿಸಿದರೆ ತೊಂದರೆ ತೀರಿತು. ಇಂಥ ದೋಷಗಳು ಕಾಟ ಕೊಡುತ್ತವೆ, ಮೋಸ ಮಾಡುವುದಿಲ್ಲ.

ಎರಡನೆಯ ಜಾತಿಯದು ಇನ್ನಷ್ಟು ತಾಳ್ಮೆ ಬೇಡುತ್ತದೆ. ಉಪಗ್ರಹ ಚಿತ್ರಗಳನ್ನು ತೆರೆಯಲು ಲೋಕವೆಲ್ಲ ಬಳಸುವ ಜಿಡಾಲ್ ಎಂಬ ತಂತ್ರಾಂಶ ಸಂಗ್ರಹವಿದೆ. ಪೈಥಾನಿನಿಂದ ಅದನ್ನು ಬಳಸುವಾಗ, ಬೇರೆ ಸೂಚನೆ ಕೊಡದ ಹೊರತು, ಕಡತವು ಸಿಗದಿದ್ದರೂ ಅದು ಸ್ಕ್ರಿಪ್ಟನ್ನು ನಿಲ್ಲಿಸುವುದಿಲ್ಲ. ‘ಏನೂ ಇಲ್ಲ’ ಎಂಬ ಅರ್ಥದ ‘ನನ್’ ಎಂಬ ಬೆಲೆಯನ್ನು ಕೈಗಿಟ್ಟು ಸುಮ್ಮನಾಗುತ್ತದೆ. ಸ್ಕ್ರಿಪ್ಟು ಆ ಬರಿಗೈಯಲ್ಲೇ ಮುಂದೆ ನಡೆಯುತ್ತದೆ. ಕೆಲವು ಸಾಲುಗಳಾದ ಮೇಲೆ, ಚಿತ್ರದ ಮೊದಲ ಪಟ್ಟಿಯನ್ನು ಕೊಡು ಎಂದು ಕೇಳಿದಾಗ, ನನ್‌ಟೈಪ್ ಎಂಬ ವಸ್ತುವಿಗೆ ಅಂಥ ಗುಣವೇ ಇಲ್ಲವೆಂದು ಗಣಕ ಕೂಗುತ್ತದೆ. ಕಾಲು ಜಾರಿದ್ದು ಬಾವಿಕಟ್ಟೆಯಲ್ಲಿ, ಪೆಟ್ಟಿನ ಅರಿವಾದದ್ದು ಅಡುಗೆಮನೆಯಲ್ಲಿ. ಹಂಚಿಕೆಯ ಡ್ರೈವ್ ಸಂಪರ್ಕ ತಪ್ಪಿತ್ತೋ, ಕಡತದ ಹೆಸರನ್ನು ಯಾರಾದರೂ ಬದಲಿಸಿದರೋ, ಎಂಬುದು ದೂರು ಬಂದ ಸಾಲಿನಲ್ಲಿ ಕಾಣದು. ದೋಷಸಂದೇಶದ ಕೊನೆಯ ಸಾಲನ್ನು ಮೊದಲು ಓದಿ, ಅಲ್ಲಿಂದ ಒಂದೊಂದೇ ಮೆಟ್ಟಿಲು ಹಿಂದಕ್ಕೆ ಹತ್ತುತ್ತ, ಪ್ರತಿ ಮೆಟ್ಟಿಲಲ್ಲೂ ‘ಇಲ್ಲಿ ಕೈಯಲ್ಲಿ ಏನಿತ್ತು?’ ಎಂದು ಕೇಳಬೇಕು. ನಮ್ಮ ವಿಭಾಗದಲ್ಲಿ ಮಾಡುವುದು ಇಷ್ಟೇ: ಸ್ಕ್ರಿಪ್ಟಿನ ನಡುಮಧ್ಯೆ ಒಂದು ಸಾಲು ಬರೆದು ಆಗಿನ ಸ್ಥಿತಿಯನ್ನು ಮುದ್ರಿಸಿಕೊಳ್ಳುವುದು. ಅಲ್ಲಿಯವರೆಗೆ ಸರಿಯಿದ್ದರೆ ದೋಷ ಕೆಳಗಿನ ಅರ್ಧದಲ್ಲಿದೆ, ಇಲ್ಲವಾದರೆ ಮೇಲಿನ ಅರ್ಧದಲ್ಲಿ. ಹೀಗೆ ಅರ್ಧಕ್ಕರ್ಧ ಕಡಿಯುತ್ತ ಹೋದರೆ ಸಾವಿರ ಸಾಲಿನ ಸ್ಕ್ರಿಪ್ಟಿನಲ್ಲೂ ಹತ್ತು ಪ್ರಶ್ನೆಗಳೊಳಗೆ ತಪ್ಪಿನ ಸಾಲು ಸಿಗುತ್ತದೆ.

ಮೂರನೆಯ ಜಾತಿಯ ಮಾತೇ ಬೇರೆ. ಅಲ್ಲಿ ಸ್ಕ್ರಿಪ್ಟು ಮೊದಲಿಂದ ಕೊನೆಯವರೆಗೆ ಸುಗಮವಾಗಿ ಓಡುತ್ತದೆ. ಕೆಂಪಕ್ಷರಗಳಿಲ್ಲ, ದೂರಿಲ್ಲ. ಕೋಷ್ಟಕ ಅಚ್ಚುಕಟ್ಟಾಗಿ ಹೊರಬರುತ್ತದೆ. ಆದರೆ ಅರ್ಥ ಕೆಟ್ಟಿರುತ್ತದೆ.

ಒಂದು ಉದಾಹರಣೆ ನೋಡೋಣ. ಹಸಿರೆಲೆ ಕೆಂಪು ಬೆಳಕನ್ನು ಹೀರುತ್ತದೆ, ಕಣ್ಣಿಗೆ ಕಾಣದ ಸಮೀಪದ ಅವಕೆಂಪು ಬೆಳಕನ್ನು ಬಹಳವಾಗಿ ಹಿಂದಿರುಗಿಸುತ್ತದೆ. ಅವಕೆಂಪಿನಿಂದ ಕೆಂಪನ್ನು ಕಳೆದು, ಆ ಎರಡರ ಮೊತ್ತದಿಂದ ಭಾಗಿಸಿದರೆ ಬರುವುದೇ ಸಸ್ಯಸೂಚ್ಯಂಕ. ಅದು ಯಾವಾಗಲೂ -1ರಿಂದ +1ರ ನಡುವೆ ಇರಬೇಕು. ದಟ್ಟ ಬೆಳೆಗೆ ಹೆಚ್ಚು, ಬರಿನೆಲಕ್ಕೆ ಸೊನ್ನೆಗಿಂತ ತುಸು ಮೇಲೆ, ತಿಳಿನೀರಿಗೆ ಸಾಮಾನ್ಯವಾಗಿ ಸೊನ್ನೆಗಿಂತ ಕೆಳಗೆ. ಈಗ ಕೆರೆಯ ಒಂದು ಚುಕ್ಕೆಯಲ್ಲಿ ಅವಕೆಂಪು 300, ಕೆಂಪು 400 ಎಂದಿಟ್ಟುಕೊಳ್ಳಿ. ಕಳೆದರೆ -100. ಆದರೆ ಚಿತ್ರದ ಅಂಕಿಗಳನ್ನು ಋಣಚಿಹ್ನೆಗೆ ಎಡೆಯಿಲ್ಲದ 16 ಬಿಟ್‌ಗಳ ಪೆಟ್ಟಿಗೆಯಲ್ಲಿ ಇಟ್ಟಿರುತ್ತಾರೆ. ಅದರಲ್ಲಿ 0ಯಿಂದ 65,535ರವರೆಗೆ ಮಾತ್ರ ಜಾಗ. ಸೊನ್ನೆಗಿಂತ ಕೆಳಗೆ ಇಳಿಯಲಾಗದ ಅಂಕಿಯು ಗಡಿಯಾರದ ಮುಳ್ಳಿನಂತೆ ಸುತ್ತುಹಾಕಿ ಮೇಲಿನ ತುದಿಯಿಂದ ಇಳಿದು 65,436 ಆಗಿ ನಿಲ್ಲುತ್ತದೆ. ಅದನ್ನು 700ರಿಂದ ಭಾಗಿಸಿದರೆ ಸೂಚ್ಯಂಕ 93ಕ್ಕೂ ಮೇಲೆ! ನಕ್ಷೆಗೆ ಬಣ್ಣ ಹಚ್ಚುವ ಸಾಲು 1ಕ್ಕಿಂತ ಮೇಲಿನದನ್ನೆಲ್ಲ ಕಡುಹಸಿರೆಂದು ಬಗೆಯುವುದರಿಂದ, ತುಂಬಿದ ಕೆರೆಯು ಭತ್ತದ ಗದ್ದೆಗಿಂತ ಹಸಿರಾಗಿ ಕಾಣುತ್ತದೆ. ಹುಸೇನ್ ಸಾಗರದ ಬಗ್ಗೆ ಹಾಗೆ ಕಂಡರೆ ಅಂತರಗಂಗೆ ಹಬ್ಬಿರಬಹುದೆಂದು ನಾವು ನಂಬಿಯೂ ಬಿಡುತ್ತೇವೆ. ಅದಕ್ಕಾಗಿ ಯಾವುದೇ ಹೊಸ ಸ್ಕ್ರಿಪ್ಟು ಬಂದರೂ ಅದನ್ನು ನಾವು ಮೊದಲು ಉಸ್ಮಾನ್ ಸಾಗರದ ಮೇಲೆ ಓಡಿಸುತ್ತೇವೆ. 1908ರ ಮೂಸಿ ಪ್ರವಾಹದ ಬಳಿಕ ಸರ್ ಎಂ. ವಿಶ್ವೇಶ್ವರಯ್ಯನವರ ಸಲಹೆಯ ಫಲವಾಗಿ ಎದ್ದ ಜಲಾಶಯವದು. ನಗರಕ್ಕೆ ನೀರು ಕೊಟ್ಟ ಆ ಕಟ್ಟೆ ನಮ್ಮ ಸ್ಕ್ರಿಪ್ಟುಗಳಿಗೆ ಸಾಕ್ಷಿಯನ್ನೂ ಕೊಡುತ್ತಿದೆ.

ಇನ್ನೊಂದು ಮೌನದೋಷ ನಮ್ಮಂಥವರ ದಾರಿಯಲ್ಲೇ ಮಲಗಿದೆ. ಭೂಮಿಯನ್ನು ಸಮತಲದ ಮೇಲೆ ಅಳೆಯಲು ಅದನ್ನು ಆರಾರು ಡಿಗ್ರಿಗಳ 60 ಹೋಳುಗಳಾಗಿ ವಿಂಗಡಿಸಿದ್ದಾರೆ. ಪೂರ್ವ ರೇಖಾಂಶ 72ರಿಂದ 78ರವರೆಗೆ 43ನೆಯ ವಲಯ, 78ರಿಂದ 84ರವರೆಗೆ 44ನೆಯದು. ಆ 78ರ ಗೆರೆ ಹೈದರಾಬಾದಿನಿಂದ ಬೀದರಿಗೆ ಹೋಗುವ ಹೆದ್ದಾರಿಯನ್ನು ಸಂಗಾರೆಡ್ಡಿ ಮತ್ತು ಸದಾಶಿವಪೇಟೆಗಳ ನಡುವೆ ದಾಟುತ್ತದೆ. ಹಬ್ಬಕ್ಕೆ ಊರಿಗೆ ಹೊರಟ ನಮ್ಮ ಬಂಧುಗಳು ಬಸ್ಸಿನಲ್ಲಿ ತೂಕಡಿಸುತ್ತ ಅದನ್ನು ದಾಟಿಬಿಡುತ್ತಾರೆ. ಸ್ಕ್ರಿಪ್ಟು ಹಾಗೆ ದಾಟಲಾರದು. ಅದೇ ಗೆರೆಯ ಮೇಲಿನ ಒಂದು ಹುಣಸೆಮರವು ಒಂದು ವಲಯದ ಲೆಕ್ಕದಲ್ಲಿ 8 ಲಕ್ಷ 18 ಸಾವಿರಕ್ಕೂ ಮಿಕ್ಕ ಮೀಟರಿನಲ್ಲಿದ್ದರೆ, ಇನ್ನೊಂದರ ಲೆಕ್ಕದಲ್ಲಿ 1 ಲಕ್ಷ 81 ಸಾವಿರದ ಆಸುಪಾಸಿನಲ್ಲಿರುತ್ತದೆ. ಕರ್ನಾಟಕವೂ ಹೀಗೆಯೇ ಸೀಳಿದೆ: ಬೀದರ್, ಬೆಂಗಳೂರು 43ರಲ್ಲಿ, ಕೋಲಾರ, ಮುಳಬಾಗಿಲು 44ರಲ್ಲಿ. ಚಿತ್ರ ಒಂದು ವಲಯದ್ದು, ಊರಿನ ಗಡಿನಕ್ಷೆ ಇನ್ನೊಂದು ವಲಯದ್ದಾದರೆ ಕೆಲವು ತಂತ್ರಾಂಶಗಳು ಎರಡೂ ಒಂದರ ಮೇಲೊಂದು ಕೂರುತ್ತಿಲ್ಲವೆಂದು ಹೇಳುತ್ತವೆ. ಕೆಲವು ಆ ಊರಿನ ಮುಂದೆ ಸೊನ್ನೆ ಬರೆದು ಮುಂದಕ್ಕೆ ಹೋಗುತ್ತವೆ. ಬೆಳೆಯಿಲ್ಲದ ಊರಿಗೂ ಗಣಕಕ್ಕೆ ಸಿಕ್ಕದ ಊರಿಗೂ ಕೋಷ್ಟಕದಲ್ಲಿ ಒಂದೇ ಸೊನ್ನೆ.

ಇಂಥವು ಚಿಕ್ಕ ಕಚೇರಿಗಳ ಪಾಡು ಮಾತ್ರವೆಂದು ತಿಳಿಯಬೇಕಿಲ್ಲ. 1996ರ ಜೂನ್ 4ರಂದು ಏರಿಯಾನ್-5 ರಾಕೆಟ್ ತನ್ನ ಮೊದಲ ಹಾರಾಟದಲ್ಲೇ ನಿಮಿಷ ತುಂಬುವ ಮುನ್ನ ಚೂರಾಯಿತು. 64 ಬಿಟ್‌ಗಳ ಸಂಖ್ಯೆಯೊಂದನ್ನು 16 ಬಿಟ್‌ಗಳ ಪೆಟ್ಟಿಗೆಗೆ ತುರುಕಿದ್ದು ಅದರ ಮೂಲಕಾರಣ. ಮಂಗಳನತ್ತ ಹೋದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ 1999ರ ಸೆಪ್ಟೆಂಬರಿನಲ್ಲಿ ಕಳೆದುಹೋಯಿತು. ಒಂದು ತಂಡದ ಅಂಕಿಗಳು ಪೌಂಡಿನಲ್ಲಿದ್ದವು, ಇನ್ನೊಂದು ತಂಡ ಅವನ್ನು ನ್ಯೂಟನ್ ಎಂದು ಓದಿಕೊಂಡಿತು. ರಾಕೆಟ್ಟು ಉರಿದರೆ ಲೋಕಕ್ಕೆ ಕಾಣುತ್ತದೆ. ಕೋಷ್ಟಕದೊಳಗಿನ ಅಂಕಿ ಉರಿಯುವುದು ಕಾಣುವುದಿಲ್ಲ.

ಈ ಮಾತು ಬರಿಯ ಚಮತ್ಕಾರವಲ್ಲವೆಂದು ನಮಗೆ ಮನವರಿಕೆಯಾದದ್ದು ಒಂದು ಮುಂಗಾರಿನ ಕೊನೆಯಲ್ಲಿ. ಬೇರೆ ವಿಭಾಗವೊಂದರಲ್ಲಿ ಬಳಕೆಯಲ್ಲಿದ್ದ ಸ್ಕ್ರಿಪ್ಟು ಅಲ್ಲಿನ ಕೆಲಸದ ಸಮೇತ ನಮಗೆ ಹಸ್ತಾಂತರವಾಯಿತು. ಮಂಡಲವಾರು ಸಸ್ಯಸೂಚ್ಯಂಕವನ್ನು ಹಿಂದಿನ ವರ್ಷಗಳ ಸರಾಸರಿಯೊಡನೆ ಹೋಲಿಸಿ, ಎಲ್ಲಿ ಬೆಳೆ ಸೊರಗಿದೆಯೆಂದು ಗುರುತು ಮಾಡುವ ಕೆಲಸ. ಕೃಷಿ ಸಚಿವಾಲಯದ 2016ರ ಬರ ನಿರ್ವಹಣಾ ಕೈಪಿಡಿಯಲ್ಲಿ ಮಳೆಯ ಕೊರತೆಯ ಬಳಿಕ ಪರಿಗಣಿಸುವ ಸೂಚಕಗಳ ಪೈಕಿ ದೂರಸಂವೇದನೆಯಿಂದ ತಿಳಿಯುವ ಸಸ್ಯಸ್ಥಿತಿಯೂ ಒಂದು. ಎಂದರೆ ಇಂಥ ಕೋಷ್ಟಕದ ಒಂದು ಸಾಲಿಗೂ ಯಾವುದೋ ಊರಿನ ಪರಿಹಾರದ ಹಣಕ್ಕೂ ನಡುವೆ ಕೆಲವೇ ಕಡತಗಳ ದೂರ.

ಸ್ಕ್ರಿಪ್ಟು ಒಂದೇ ಒಂದು ದೋಷಸಂದೇಶವಿಲ್ಲದೆ ಓಡಿತು. ಫಲಿತಾಂಶದಲ್ಲಿ ಬಹುತೇಕ ಎಲ್ಲ ಮಂಡಲಗಳಲ್ಲೂ ಸೂಚ್ಯಂಕವು ಮೂರನೆಯ ಒಂದು ಭಾಗದಷ್ಟು ಕುಸಿದಿತ್ತು. ಆ ವರ್ಷ ಮಳೆಯೇನೋ ಅಲ್ಲಲ್ಲಿ ಕೈಕೊಟ್ಟಿತ್ತು, ಹಾಗಾಗಿ ಕುಸಿತ ನಂಬಲಾಗದ್ದೇನೂ ಆಗಿರಲಿಲ್ಲ. ವರದಿಯ ವಾಕ್ಯಗಳನ್ನು ತಿದ್ದಿ ಎರಡು ದಿನದೊಳಗೆ ಕಳಿಸಬೇಕಾಗಿತ್ತು. ‘ಎಲ್ಲ ಕಡೆಗೂ ಒಂದೇ ಪ್ರಮಾಣದ ಕುಸಿತ ಹೇಗೆ?’ ಎಂದು ನಾವು ಕೇಳಿದ್ದಕ್ಕೆ ಮೇಲಿನವರು ಸೌಮ್ಯವಾಗಿಯೇ ಅಂದರು: ‘ಗಣಕ ಯಾವ ದೋಷವನ್ನೂ ತೋರಿಸಿಲ್ಲವಲ್ಲ?’

ಉತ್ತರ ನಮ್ಮ ಬಳಿ ಇರಲಿಲ್ಲ. ಆದರೆ ನಮ್ಮೊಡನೆ ಕೆಲಸ ಮಾಡುವ ತೆಲುಗು ತರುಣನೊಬ್ಬನಿದ್ದಾನೆ, ಮಿತಭಾಷಿ. ಅವನು ಮಂಡಲಗಳನ್ನು ಬಿಟ್ಟು ಊರಾಚೆಯ ಕಲ್ಲುಬಂಡೆಗಳತ್ತ ತಿರುಗಿದ. ಹೈದರಾಬಾದಿನ ಸುತ್ತ ಒಂದರ ಮೇಲೊಂದು ಕೂತಿರುವ ಆ ಬೆಣಚುಬಂಡೆಗಳ ಮೇಲೆ ಮುಂಗಾರಿಗೂ ಹುಲ್ಲು ಹುಟ್ಟದು, ಬೇಸಿಗೆಗೂ ಬಾಡುವಂಥದ್ದೇನಿಲ್ಲ. ಅವುಗಳ ಸೂಚ್ಯಂಕ ವರ್ಷಗಟ್ಟಲೆ ಹೆಚ್ಚುಕಡಿಮೆ ಒಂದೇ ಆಗಿರಬೇಕು. ಅರ್ಧ ತಾಸಿನ ಮೇಲೆ ಅವನು ನಮ್ಮ ಮೇಜಿನ ಬಳಿ ಬಂದು ನಿಂತ. ‘ರಾಳ್ಳಕಿ ಕೂಡಾ ಕರುವು ವಚ್ಚಿಂದಿ, ಸಾರ್’ ಎಂದ. ಬಂಡೆಗಳಿಗೂ ಬರ ಬಂದಿದೆ!

ಆಮೇಲಿನ ದಾರಿ ಸ್ಪಷ್ಟವಾಯಿತು. ಬಂಡೆಯ ಸೂಚ್ಯಂಕವನ್ನು ದಿನಾಂಕದ ಕ್ರಮದಲ್ಲಿ ಗೆರೆಯಾಗಿ ಎಳೆದೆವು. ಬರಗಾಲ ಮೆಲ್ಲನೆ ಇಳಿಯುತ್ತದೆ. ಈ ಗೆರೆ ಒಂದೇ ಮೆಟ್ಟಿಲಿನಿಂದ ಧುಮುಕಿತ್ತು: 2022ರ ಜನವರಿ ಕೊನೆಯ ವಾರ. ಆ ತಿಂಗಳ 25ರಂದು ಸೆಂಟಿನೆಲ್-2ರ ಚಿತ್ರಗಳನ್ನು ಸಿದ್ಧಪಡಿಸುವ ಕ್ರಮ ಬದಲಾಗಿತ್ತು. ಅಂದಿನಿಂದ ಪ್ರತಿಯೊಂದು ಅಂಕಿಗೂ 1,000 ಸೇರಿಸಿ ಕೊಡಲಾಗುತ್ತಿತ್ತು. ಬದಲಾವಣೆಯನ್ನು ಮುಂಚಿತವಾಗಿ ಪ್ರಕಟಿಸಿದ್ದರು, ಕಾರಣವೂ ಒಳ್ಳೆಯದೇ. ಗಾಳಿಯ ಮಬ್ಬನ್ನು ಲೆಕ್ಕಹಾಕಿ ತೆಗೆದಾಗ ಕಡುಗತ್ತಲೆಯ ಚುಕ್ಕೆಗಳ ಬೆಲೆ ಸೊನ್ನೆಗಿಂತ ಕೆಳಗಿಳಿಯಬಹುದು. ಋಣಸಂಖ್ಯೆಗೆ ಎಡೆಯಿಲ್ಲದ ಪೆಟ್ಟಿಗೆಯಲ್ಲಿ ಅವು ಮೊಟಕಾಗದಿರಲೆಂದು ನೆಲಗಟ್ಟನ್ನೇ ಸಾವಿರದಷ್ಟು ಎತ್ತರಿಸಿದ್ದರು. ಬಳಸುವವರು ಆ ಸಾವಿರವನ್ನು ಕಳೆದು ಲೆಕ್ಕ ಮಾಡಬೇಕು. ಸ್ಕ್ರಿಪ್ಟು ಅದಕ್ಕಿಂತ ಹಳೆಯದು. ಅದು ಪಾತ್ರೆಯ ತೂಕ ಕಳೆಯದೆ ಹಾಲನ್ನು ತೂಗುತ್ತಿತ್ತು.

ಲೆಕ್ಕ ಸರಳ. ಒಳ್ಳೆಯ ಬೆಳೆಯ ಒಂದು ಚುಕ್ಕೆಯಲ್ಲಿ ಅವಕೆಂಪು 3,000, ಕೆಂಪು 1,000 ಇದ್ದರೆ ಸೂಚ್ಯಂಕ 0.50. ಎರಡಕ್ಕೂ ಸಾವಿರ ಸೇರಿಸಿ. ಕಳೆದರೆ ವ್ಯತ್ಯಾಸ ಅದೇ 2,000, ಆದರೆ ಭಾಜಕ 4,000ದಿಂದ 6,000ಕ್ಕೆ ಏರುತ್ತದೆ. ಸೂಚ್ಯಂಕ 0.33. ಹೊಲದಲ್ಲಿ ಒಂದೆಲೆಯೂ ಬಾಡಿಲ್ಲ, ಕೋಷ್ಟಕದಲ್ಲಿ ಮೂರರಲ್ಲೊಂದು ಪಾಲು ಒಣಗಿದೆ. ಬಂಡೆಯ ಲೆಕ್ಕ ನೋಡಿ: ಅವಕೆಂಪು 2,500, ಕೆಂಪು 2,000 ಇದ್ದರೆ 0.11, ಸಾವಿರ ಸೇರಿದ ಮೇಲೆ 0.08. ಬೆಳೆಗೂ ಬಂಡೆಗೂ ಒಂದೇ ನ್ಯಾಯ.

ಇಲ್ಲಿ ಅಪಾಯ ಎರಡು ಕಡೆಗೂ ಹರಿತವಾದದ್ದು. ಹಳೆಯ ಸರಾಸರಿ ಸರಿಯಿದ್ದು ಹೊಸ ಅಂಕಿ ಕೆಟ್ಟಿದ್ದರೆ ಇಲ್ಲದ ಬರ ಕಾಣುತ್ತದೆ. ಅದರಿಂದ ಯಾರಿಗೇನು ನಷ್ಟ, ನಾಲ್ಕು ಕಾಸು ಹೆಚ್ಚು ಸಿಗುತ್ತದಲ್ಲ ಎನ್ನಬಹುದು. ಆದರೆ ಎಲ್ಲ ಮಂಡಲಗಳೂ ಕೆಂಪಾದ ನಕ್ಷೆಯಲ್ಲಿ ನಿಜವಾಗಿ ಒಣಗಿದ ಮಂಡಲ ಯಾವುದೆಂದು ತಿಳಿಯದು. ಇನ್ನು ಕೆಲವು ವರ್ಷ ಇದೇ ನಡೆದಿದ್ದರೆ ಕೆಟ್ಟ ಅಂಕಿಗಳೇ ಸರಾಸರಿಯೊಳಗೆ ಸೇರಿಕೊಂಡು ಅದನ್ನು ತಗ್ಗಿಸುತ್ತಿದ್ದವು. ಆಗ ಯಾರಾದರೂ ಸ್ಕ್ರಿಪ್ಟನ್ನು ಸರಿಪಡಿಸಿದ ವರ್ಷವೇ ನಿಜವಾದ ಬರ ಬಂದಿದ್ದರೆ, ಒಣಗಿದ ಹೊಲವೂ ತಗ್ಗಿದ ಸರಾಸರಿಯೆದುರು ಸಮೃದ್ಧವಾಗಿ ಕಾಣುತ್ತಿತ್ತು. ಆ ಹೊಲದವನು ಯಾವ ಕಚೇರಿಗೆ ಹೋಗಿ, ಯಾವ ಭಾಷೆಯಲ್ಲಿ, ಈ ಒಂದು ಸಾವಿರದ ಲೆಕ್ಕ ಕೇಳಬೇಕಾಗಿತ್ತು?

ರೋಗ ತಿಳಿದ ಮೇಲೆ ಮದ್ದು ಸುಲಭವೆಂದು ತೋರಿತು. ತರುಣ ಒಂದು ಸಾಲು ಬರೆಯಲು ಹೊರಟ: ಚಿತ್ರದ ದಿನಾಂಕ 2022ರ ಜನವರಿ 25 ಅಥವಾ ಅದರ ನಂತರದ್ದಾದರೆ 1,000 ಕಳೆ. ಬರೆಯುವ ಮೊದಲು ಇಬ್ಬರೂ ಕೂತು ನಮ್ಮಲ್ಲಿದ್ದ ಕಡತಗಳ ಹೆಸರುಗಳನ್ನು ಒಂದೊಂದಾಗಿ ಓದಿದೆವು. ಪ್ರತಿ ಹೆಸರಿನಲ್ಲೂ ಚಿತ್ರ ತೆಗೆದ ದಿನದ ಜೊತೆಗೆ ಅದನ್ನು ಸಿದ್ಧಪಡಿಸಿದ ಕ್ರಮದ ಸಂಖ್ಯೆಯೂ ಇರುತ್ತದೆ. ಹಳೆಯ ವರ್ಷಗಳ ಕೆಲವು ಚಿತ್ರಗಳನ್ನು ಹೊಸ ಕ್ರಮದಲ್ಲಿ ಮರಳಿ ಸಿದ್ಧಪಡಿಸಿ ಬಿಡುಗಡೆ ಮಾಡಿದ್ದರು. ತೆಗೆದ ದಿನ 2019, ಒಳಗೆ ಸಾವಿರ ಸೇರಿಯೇ ಇದೆ. ದಿನಾಂಕವನ್ನು ನೆಚ್ಚಿದರೆ ಆ ಚಿತ್ರಗಳೆಲ್ಲ ಕೆಟ್ಟೇ ಉಳಿಯುತ್ತಿದ್ದವು. ಸರಿಯಾದ ಉತ್ತರ ಚಿತ್ರದ ಜೊತೆಯಲ್ಲೇ ಬರುವ ವಿವರಣೆಯ ಕಡತದಲ್ಲಿತ್ತು. ಎಷ್ಟು ಕಳೆಯಬೇಕೆಂಬುದನ್ನು ಪ್ರತಿ ಚಿತ್ರವೂ ತನ್ನ ಬಗ್ಗೆ ತಾನೇ ಬರೆದುಕೊಂಡಿರುತ್ತದೆ. ಅದನ್ನು ಓದಿ, ಅದು ಹೇಳಿದಷ್ಟನ್ನೇ ಕಳೆಯುವಂತೆ ಸ್ಕ್ರಿಪ್ಟನ್ನು ತಿದ್ದಿದೆವು.

ಅಷ್ಟಕ್ಕೂ ಮುಗಿಯಲಿಲ್ಲ. ಸಾವಿರ ಕಳೆಯುವಾಗ 900 ಇದ್ದ ಚುಕ್ಕೆ -100 ಆಗಬೇಕಷ್ಟೆ? ಅಲ್ಲಿ ಹಳೆಯ ಪೆಟ್ಟಿಗೆಯೇ ಬಾಯಿ ತೆರೆದು ಕಾದಿತ್ತು. ಕಳೆಯುವ ಮೊದಲೇ ಅಂಕಿಗಳನ್ನು ದಶಮಾಂಶದ ಪೆಟ್ಟಿಗೆಗೆ ವರ್ಗಾಯಿಸದಿದ್ದರೆ ಕತ್ತಲೆಯ ಕೆರೆಗಳೆಲ್ಲ ಮತ್ತೆ 65 ಸಾವಿರದ ಮೇಲೆ ಏರಿ ಕೂರುತ್ತಿದ್ದವು. ಜೊತೆಗೆ, ಚಿತ್ರವೇ ಇಲ್ಲದ ಅಂಚಿನ ಚುಕ್ಕೆಗಳನ್ನು ಸೊನ್ನೆಯಿಂದ ಗುರುತಿಸಿರುತ್ತಾರೆ. ಅವಕ್ಕೂ ಸಾವಿರ ಕಳೆದರೆ ‘ಇಲ್ಲ’ ಎಂಬುದು ‘ಇದೆ, ಋಣದಲ್ಲಿದೆ’ ಎಂದಾಗುತ್ತದೆ. ಮೊದಲು ಸೊನ್ನೆಗಳನ್ನು ಬದಿಗಿಟ್ಟು, ಬಳಿಕ ಪೆಟ್ಟಿಗೆ ಬದಲಿಸಿ, ಆಮೇಲೆ ಕಳೆಯಬೇಕು. ಮೂರು ಸಾಲು, ಕ್ರಮ ತಪ್ಪಿದರೆ ಮೂರೂ ವ್ಯರ್ಥ. ಮತ್ತೆ ಓಡಿಸಿದಾಗ ಬಂಡೆಗಳು ತಮ್ಮ ಹಳೆಯ ಜಾಗಕ್ಕೆ ಮರಳಿದವು, ಉಸ್ಮಾನ್ ಸಾಗರ ಸೊನ್ನೆಯ ಕೆಳಗೆ ತಣ್ಣಗೆ ಮಲಗಿತು. ಸೊರಗಿದ ಮಂಡಲಗಳು ಕೆಲವೇ ಉಳಿದವು. ಅವು ನಿಜವಾಗಿಯೂ ಸೊರಗಿದ್ದವು.

ಆದರೆ ಸ್ಕ್ರಿಪ್ಟು ನಮ್ಮಲ್ಲಿಗೆ ಬರುವ ಮುನ್ನವೇ ಅದರ ಎರಡು ಕೋಷ್ಟಕಗಳು ಹೊರಗೆ ಹೋಗಿದ್ದವು. ತಿದ್ದೋಲೆ ಕಳಿಸಬೇಕಾಯಿತು. ಬರೆಯುವ ಕೆಲಸ ಸಹಜವಾಗಿ ಇಂಗ್ಲಿಷ್ ಓದಿದವರ ಪಾಲಿಗೆ ಬಂತು. ಸರ್ಕಾರಿ ಇಂಗ್ಲಿಷಿನ ಕರ್ಮಣಿ ಪ್ರಯೋಗ ಒಂದು ದೊಡ್ಡ ಕಂಬಳಿ. ಅದರಡಿ ಯಾವ ಸಂಗತಿಯನ್ನೂ ಬೆಚ್ಚಗೆ ಮಲಗಿಸಬಹುದು. ‘ಕೆಲವು ಮೌಲ್ಯಗಳಲ್ಲಿ ವ್ಯತ್ಯಾಸ ಗಮನಕ್ಕೆ ಬಂದಿದೆ’ ಎಂದು ಬರೆದರೆ ಓದಿದವರಿಗೆ ಏನೂ ತಿಳಿಯದು, ಯಾರ ಮನಸ್ಸೂ ನೋಯದು. ಆ ದಾರಿಯ ಸೂಚನೆಯೂ ಮೇಲಿನಿಂದ ಬಂತು. ನಾವು ಹೆಸರು ಯಾರದನ್ನೂ ಹಾಕಲಿಲ್ಲ, ಹಾಕುವ ಅಗತ್ಯವೂ ಇರಲಿಲ್ಲ. ಯಾವ ದಿನಾಂಕಗಳ ಕೋಷ್ಟಕಗಳು, ಎಷ್ಟು ಕಡಿಮೆ ತೋರಿಸಿದ್ದವು, ಕಾರಣವೇನು, ಸರಿಯಾದ ಅಂಕಿಗಳೇನು, ಎಂಬುದನ್ನು ನಾಲ್ಕು ನೇರ ವಾಕ್ಯಗಳಲ್ಲಿ ಬರೆದು, ಬಂಡೆಯ ಗೆರೆಯ ಚಿತ್ರವನ್ನೂ ಲಗತ್ತಿಸಿದೆವು. ಕಡತ ಮೂರು ಮೇಜುಗಳ ಮೇಲೆ ಒಂದೊಂದು ದಿನ ಕೂತಿತು. ಕೊನೆಗೆ ಸಹಿ ಬಿತ್ತು. ಗಣಕ ದೋಷ ತೋರಿಸಿಲ್ಲವೆಂದಿದ್ದ ಹಿರಿಯರೇ ‘ಬಂಡೆಯ ಚಿತ್ರವನ್ನು ಇನ್ನು ಮುಂದೆ ಪ್ರತಿ ವರದಿಗೂ ಸೇರಿಸಿ’ ಎಂದು ಅಂಚಿನಲ್ಲಿ ಬರೆದರು.

ಈ ಬಳಗದ ಓದುಗರಲ್ಲಿ ಹಲವರ ಮನೆಯ ಮಕ್ಕಳು ಇಂದು ಕೋಡ್ ಬರೆದು ಬದುಕುತ್ತಿದ್ದಾರೆ. ಅವರಿಗೆ ಹೇಳಲು ನಮ್ಮಲ್ಲಿ ದೊಡ್ಡ ತತ್ತ್ವವೇನಿಲ್ಲ. ಉತ್ತರ ಮೊದಲೇ ಗೊತ್ತಿರುವ ಒಂದು ಪ್ರಶ್ನೆಯನ್ನು ಪ್ರತಿ ಸ್ಕ್ರಿಪ್ಟಿಗೂ ಕೇಳಿರಿ. ಒಂದು ಬಂಡೆ, ಒಂದು ಕೆರೆ ಕೈಯಳತೆಯಲ್ಲಿರಲಿ. ಅಂಕಿಯ ಗರಿಷ್ಠವನ್ನೂ ಕನಿಷ್ಠವನ್ನೂ ಮೊದಲು ನೋಡಿರಿ. -1ರಿಂದ +1ರೊಳಗೆ ಇರಬೇಕಾದದ್ದು 93 ಆಗಿದ್ದರೆ ಮಿಕ್ಕ ಪುಟಗಳನ್ನು ಓದಬೇಕಾಗಿಲ್ಲ. ಎಲ್ಲವೂ ಒಂದೇ ಪ್ರಮಾಣದಲ್ಲಿ ಬದಲಾಗಿದ್ದರೆ ಬದಲಾದದ್ದು ಲೋಕವೋ ಅಳತೆಗೋಲೋ ಎಂದು ಕೇಳಿರಿ. ಮೌನವನ್ನು ಒಪ್ಪಿಗೆಯೆಂದು ತಿಳಿಯಬೇಡಿ.

ಇನ್ನೊಂದು ಸಣ್ಣ ಸಂಗತಿ ಹೇಳಿ ಮುಗಿಸುತ್ತೇವೆ. ಸ್ಕ್ರಿಪ್ಟಿನಲ್ಲಿ ಗಣಕವು ಓದದೆ ಬಿಡುವ, ಮನುಷ್ಯರು ಓದಲೆಂದೇ ಬರೆಯುವ ಟಿಪ್ಪಣಿಯ ಸಾಲುಗಳಿರುತ್ತವೆ. ಪೈಥಾನಿನ ಮೂರನೆಯ ಆವೃತ್ತಿ ಬಂದ ಮೇಲೆ ಅವುಗಳನ್ನು ಯಾವ ಲಿಪಿಯಲ್ಲಿ ಬರೆದರೂ ಅಡ್ಡಿಯಿಲ್ಲ. ಆ ಮೂರು ಸಾಲುಗಳ ಮೇಲೆ ಕಚೇರಿಯ ಇಂಗ್ಲಿಷಿನಲ್ಲಿ ಟಿಪ್ಪಣಿ ಬರೆದ ಬಳಿಕ, ಅದರ ಕೆಳಗೆ ಕನ್ನಡದಲ್ಲಿ ‘ಮೊದಲು ಸೊನ್ನೆಗಳನ್ನು ಬದಿಗಿಡು, ಆಮೇಲೆ ಪೆಟ್ಟಿಗೆ ಬದಲಿಸು, ಕೊನೆಗೆ ಕಳೆ’ ಎಂದು ಸೇರಿಸಿದೆವು. ತರುಣ ಅದನ್ನು ಕೂಡಿಸಿ ಕೂಡಿಸಿ ಓದಿದ; ನಮ್ಮೆರಡು ಲಿಪಿಗಳು ಒಂದೇ ಬಳ್ಳಿಯ ಕಾಯಿಗಳಲ್ಲವೇ. ಓದಿ, ಕೆಳಗೆ ಅದನ್ನೇ ತೆಲುಗಿನಲ್ಲಿ ಬರೆದ. ನಾವು ಒಂದು ದಿನ ವರ್ಗವಾಗುತ್ತೇವೆ, ಅವನೂ ಎಲ್ಲಿಗೋ ಹೋಗುತ್ತಾನೆ. ಸ್ಕ್ರಿಪ್ಟು ಇನ್ಯಾರದೋ ಕೈಗೆ ಹೆಸರಿಲ್ಲದೆ ಸೇರುತ್ತದೆ. ಆ ಮನುಷ್ಯನಿಗೆ ಮೂರು ಭಾಷೆಗಳಲ್ಲಿ ಯಾವುದಾದರೂ ಒಂದು ಬಂದರೆ ಸಾಕು.